ಎರಡು ತಟ್ಟೆ ಲಿವರ್

ಯಸೋಥೋನ್ ಪೇಟೆಯ ಹಳೇ ಮಾರುಕಟ್ಟೆಯಲ್ಲಿ ಕ್ಷೌರದ ಬುನ್‌ತೋಮ್‌ನನ್ನು ಕೆಟ್ಟವನೆಂದು ಹೇಳಿದವರು ಒಬ್ಬರೂ ಇಲ್ಲ. ಹಾಗೆ ಹೇಳಬೇಕಾದರೆ ಅವನು ಎಂದಾದರೂ ಬಾಯಿ ಬಿಟ್ಟಿರಬೇಕಲ್ಲ. ಅರವತ್ತು ಹತ್ತಿರ ಬಂದಿತ್ತು. ಕೈ ನಡುಗುತ್ತಿರಲಿಲ್ಲ, ಕತ್ತರಿ ಯಾರ ಕಿವಿಯನ್ನೂ ತಾಗಿರಲಿಲ್ಲ. ಮಾರುಕಟ್ಟೆಯ ಮಂದಿ ಅವನನ್ನು ‘ಚಾಂಗ್’ ಎಂದು, ಅಂದರೆ ಮೇಸ್ತ್ರಿ ಎಂದು, ಮರ್ಯಾದೆಯಿಂದಲೇ ಕರೆಯುತ್ತಿದ್ದರು. ಇಷ್ಟೆಲ್ಲ ಇದ್ದೂ ಆ ಪುಣ್ಯಾತ್ಮನಿಗೆ ಒಂದು ಕಾಯಿಲೆ ಇತ್ತು. ದಾಕ್ಷಿಣ್ಯ.

ದಾಕ್ಷಿಣ್ಯ ಆ ಊರಿನಲ್ಲಿ ಎಲ್ಲರಿಗೂ ಇದೆ, ಇರಬೇಕು ಕೂಡ. ಆದರೆ ಇವನದು ಅತಿಯಾಯಿತು. ಒಮ್ಮೆ ಬಸ್ಸಿನಲ್ಲಿ ಪಕ್ಕದವನು ನಿದ್ದೆಹೋಗಿ ಇವನ ಹೆಗಲಿಗೆ ತಲೆ ಆನಿಸಿದ. ಇಳಿಯುವ ಊರು ಬಂದರೂ ಎಬ್ಬಿಸಲು ಇವನಿಗೆ ಮನಸ್ಸಾಗಲಿಲ್ಲ. ಉಬೋನ್‌ವರೆಗೂ ಹೋಗಿ, ಆ ಮನುಷ್ಯ ತಾನಾಗಿ ಕಣ್ಣುಜ್ಜಿಕೊಂಡು ಎದ್ದ ಮೇಲೆ ಇಳಿದು, ಬೇರೆ ಬಸ್ಸು ಹಿಡಿದು ವಾಪಸ್ಸು ಬಂದ. ಸುಟ್ಟ ಕೋಳಿ ಮಾರುವ ವಂದೀಯ ಕಥೆಯೂ ಇಂಥದ್ದೇ. ಯಾವತ್ತೋ ಒಂದು ದಿನ ತೊಡೆ ತುಂಡು ಮುಗಿದು ಅವಳು ಇವನಿಗೆ ಕುತ್ತಿಗೆ ಕೊಟ್ಟಳು. ಬೇಜಾರಾಗದಿರಲಿ ಎಂದು ಇವನು ಚೆನ್ನಾಗಿದೆ ಎಂದುಬಿಟ್ಟ. ಅಂದಿನಿಂದ ಚಾಂಗ್‌ಗೆ ಕುತ್ತಿಗೆ ಎಂದರೆ ಪ್ರಾಣ ಎಂದು ನಂಬಿ ಅವಳು ದಿನವೂ ಅದನ್ನೇ ಎತ್ತಿಟ್ಟಿರುತ್ತಾಳೆ. ಇವನು ದಿನವೂ ಮೂಳೆ ಚೀಪುತ್ತಾನೆ.

ಮದುವೆ ತಪ್ಪಿದ್ದೂ ಇದರಿಂದಲೇ. ಪ್ರಾಯದಲ್ಲಿ ಒಬ್ಬಳ ಮೇಲೆ ಮನಸ್ಸಿತ್ತು. ಕೇಳಿದರೆ, ಬೇಡ ಎನ್ನಲು ಆ ಹುಡುಗಿಗೆ ಕಷ್ಟವಾದೀತು ಎಂದು ಸುಮ್ಮನಿದ್ದ. ಅವಳು ಐಸ್ ಫ್ಯಾಕ್ಟರಿಯವನನ್ನು ಮದುವೆಯಾದಳು. ಮದುವೆಯ ಬೆಳಿಗ್ಗೆ ಮದುಮಗನ ಗಡ್ಡ ಹೆರೆದವನೂ ಬುನ್‌ತೋಮ್ ಮಹಾಶಯನೇ. ಇಂಥವನಿಗೆ ಏನು ಹೇಳುವುದು ಹೇಳಿ.

ನಾಲ್ಕು ವರ್ಷದ ಹಿಂದೆ ಅವನ ಅಂಗಡಿಯ ತಗಡಿನ ಮಾಡಿನ ಕೆಳಗೆ ಒಬ್ಬ ಹೆಂಗಸು ಹೊಲಿಗೆ ಮಷೀನು ತಂದಿಟ್ಟುಕೊಂಡಳು. ಹೆಸರು ಪಿಕುನ್. ಗಂಡ ತೀರಿಕೊಂಡಿದ್ದ. ಹರಿದದ್ದನ್ನು ಹೊಲಿಯುವುದು, ಪ್ಯಾಂಟಿನ ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು ಅವಳ ಕಸುಬು. ಬಾಯಿ ಜೋರು. ಮೀನಿನವಳಿಂದ ಹಿಡಿದು ಮಾರುಕಟ್ಟೆಯ ಸುಂಕದವನವರೆಗೆ ಎಲ್ಲರೂ ಅವಳ ಬಾಯಿಗೆ ಹೆದರುತ್ತಿದ್ದರು. ಆದರೆ ಚಾಂಗ್ ಎದುರಿಗೆ ಮಾತ್ರ ಆ ಬಾಯಿ ರೇಷ್ಮೆಯಾಗುತ್ತಿತ್ತು. ಇವನು ಎಲ್ಲರಂತೆ ಅವಳನ್ನು ‘ಮೇ ಪಿಕುನ್’ ಎನ್ನುತ್ತಿದ್ದ, ನಾವು ಪಿಕುನಮ್ಮ ಎಂದ ಹಾಗೆ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಮಷೀನಿನ ಸದ್ದು ಕೇಳುತ್ತ ಕುರ್ಚಿಯಲ್ಲಿ ಕೂತಿರುವುದು ಅವನಿಗೆ ಅಭ್ಯಾಸವಾಗಿ, ಆಮೇಲೆ ಸುಖವಾಗಿ, ಕೊನೆಗೆ ಅದಿಲ್ಲದೆ ಭಾನುವಾರ ಕಳೆಯುವುದೇ ಕಷ್ಟವಾಯಿತು.

ಈಗ ಆ ಮಷೀನನ್ನು ಗೋಣಿ ಸುತ್ತಿ, ಹಗ್ಗ ಬಿಗಿದು, ಅವನ ಅಂಗಡಿಯ ಮೂಲೆಯಲ್ಲೇ ಇಟ್ಟಿದ್ದರು. ಪಿಕುನ್ ಬಾಡಿಗೆಗಿದ್ದ ಮನೆಯನ್ನು ಮಾಲೀಕ ಕೆಡವುತ್ತಿದ್ದ. ರಯೋಂಗ್‌ನಲ್ಲಿ ಸಮುದ್ರದ ದಂಡೆಗೆ ಊಟದ ಅಂಗಡಿ ಇಟ್ಟಿರುವ ತಂಗಿ ಬಾ ಬಾ ಎನ್ನುತ್ತಿದ್ದಳು. ಸೋಮವಾರದ ಬಸ್ಸು. ಹೋದರೆ ಮತ್ತೆ ಬರುವವಳಲ್ಲ. ಬುನ್‌ತೋಮ್‌ಗೆ ಇದು ಗೊತ್ತಿತ್ತು. ಬಾಯಿ ಬಿಟ್ಟು ಕೇಳಬೇಕು, ಈ ಸಲವೂ ಬಿಡದಿದ್ದರೆ ಮುಗಿಯಿತು ಎಂದೂ ಗೊತ್ತಿತ್ತು.

ಶುಕ್ರವಾರ ಅಂತೂ ಧೈರ್ಯ ಮಾಡಿದ.

“ಮೇ ಪಿಕುನ್, ನೀವು ಹೋಗೋದ್ರೊಳಗೆ ಒಂದ್ಸಲ ಊಟಕ್ಕೆ…”

“ಊಟಕ್ಕೆ?”

“ಹೋಗೋಣ ಅಂತ. ನಿಮಗೆ ತೊಂದರೆ ಇಲ್ಲ ಅಂದ್ರೆ.”

“ತೊಂದರೆ ಏನು ಬಂತು ಚಾಂಗ್. ಮೂ ಕ್ರತ ತಿನ್ನೋಣ. ತಿಂದು ವರ್ಷ ಆಯ್ತು.”

ನಡುವೆ ಗುಬುಟು, ಸುತ್ತ ಕಾಲುವೆ ಇರುವ ಬಾಣಲೆಯನ್ನು ಕೆಂಡದ ಮೇಲಿಟ್ಟು, ಗುಬುಟಿನ ಮೇಲೆ ಹಂದಿ ಮಾಂಸ ಸುಟ್ಟುಕೊಳ್ಳುತ್ತ, ಕಾಲುವೆಯ ಸಾರಿನಲ್ಲಿ ಸೊಪ್ಪು ಬೇಯಿಸಿಕೊಳ್ಳುತ್ತ ಗಂಟೆಗಟ್ಟಲೆ ಕೂರುವ ಊಟ ಅದು. ಮನಸ್ಸಿನ ಮಾತಾಡಲು ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಮಾರುಕಟ್ಟೆಯ ಹಿಂದೆಯೇ ಅಗ್ಗದ ಒಂದು ಜಾಗವಿತ್ತು. ಅಲ್ಲಿಗೆ ಕರೆದೊಯ್ದರೆ ಪಿಕುನ್‌ಗೆ ಮರ್ಯಾದೆ ಕಡಿಮೆಯಾದೀತು ಎಂದು ಇವನು ವರ್ತುಲ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ, ಮೈತುಂಬ ದೀಪದ ಸರ ಹಾಕಿಕೊಂಡಿದ್ದ ದೊಡ್ಡ ಹೋಟೆಲನ್ನು ಆರಿಸಿದ. ತಲೆಗೆ ಇಷ್ಟೆಂದು ಕೊಟ್ಟು ಬೇಕಾದ್ದನ್ನು ತಾವೇ ತಂದುಕೊಂಡು ತಿನ್ನುವ ಲೆಕ್ಕ, ದರ ಹೆಚ್ಚುಕಡಿಮೆ ಎರಡರಷ್ಟು. ಇರಲಿ ಎಂದುಕೊಂಡ.

ಸಂಜೆ ಇಸ್ತ್ರಿ ಅಂಗಿ ಹಾಕಿಕೊಂಡು, ಮೋಟರ್‌ಸೈಕಲ್ಲಿನ ಪಕ್ಕಕ್ಕೆ ಜೋಡಿಸಿದ ತೊಟ್ಟಿಗೆ ಚಾಪೆ ಹಾಸಿ, ಅವಳನ್ನು ಕೂರಿಸಿಕೊಂಡು ಹೋದ. ಬಾಗಿಲಲ್ಲೇ ದುಡ್ಡು ತೆಗೆದುಕೊಂಡರು. ದುಡ್ಡು ತೆಗೆದುಕೊಳ್ಳುವಾಗ ಆ ಹೋಟೆಲಿನವರ ಚುರುಕು ನೋಡಬೇಕಿತ್ತು. ಒಂದೂವರೆ ಗಂಟೆಯೊಳಗೆ ಏಳಬೇಕೆಂದು ಚೀಟಿ ಕೊಟ್ಟು ಮೇಜಿಗೆ ಕಳುಹಿಸಿದರು. ಆ ಚುರುಕು ಅಲ್ಲಿಗೇ ತೀರಿತು.

ಕೆಂಡ ಬರಲಿಲ್ಲ. ಸುತ್ತಲಿನ ಮೇಜುಗಳಿಂದ ಹೊಗೆ ಎದ್ದು ಬಾಯಲ್ಲಿ ನೀರೂರುತ್ತಿತ್ತು, ಇವರಿಬ್ಬರ ಮಧ್ಯೆ ಮಾತ್ರ ಮೇಜಿನಲ್ಲಿ ಕೆಂಡ ಇಡುವ ಖಾಲಿ ತೂತು. ಸುಮಾರು ನಲವತ್ತರ ಒಬ್ಬ ಹೆಂಗಸು ಅಷ್ಟು ಮೇಜುಗಳಿಗೂ ಒಬ್ಬಳೇ ಓಡಾಡುತ್ತಿದ್ದಳು. ಬುನ್‌ತೋಮ್ ಕರೆಯಲು ಕೈ ಎತ್ತಿದ. ಅವಳ ಮುಖದ ಬೆವರು ಕಂಡು ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

“ಬರತ್ತೆ ಬಿಡಿ,” ಎಂದಳು ಪಿಕುನ್. ಬೇರೆ ಯಾರಾದರೂ ಕರೆತಂದಿದ್ದರೆ ಅವಳು ಇಷ್ಟೊತ್ತಿಗೆ ಅಡುಗೆಮನೆಗೇ ನುಗ್ಗಿರುತ್ತಿದ್ದಳು. ಆದರೆ ಕರೆತಂದವನು ಚಾಂಗ್. ಹೋಟೆಲನ್ನು ಬೈದರೆ ಅವನನ್ನೇ ಬೈದ ಹಾಗೆ, ಅವನ ಮರ್ಯಾದೆ ಹೋಗುತ್ತದೆ. ನಾಲಿಗೆಯನ್ನು ಹಲ್ಲಿನಡಿಯಲ್ಲಿ ಇಟ್ಟುಕೊಂಡು ನಗುತ್ತ ಕೂತಳು.

ಕೊನೆಗೆ ಬಂದ ಕೆಂಡ ಅರ್ಧ ಬೂದಿ. ಬಾಣಲೆಯ ಅಂಚಿನಲ್ಲಿ ಹಿಂದಿನವರು ಸುಟ್ಟ ಕರಿ ಹಾಗೇ ಅಂಟಿತ್ತು. ಸಾರೆಂದು ಸುರಿದದ್ದು ತಣ್ಣೀರಿಗೆ ಉಪ್ಪು ತೋರಿಸಿದಂತಿತ್ತು. ಬುನ್‌ತೋಮ್ ಮಾಂಸ ತರಲು ಹೋದ. ಉದ್ದಕ್ಕೂ ಜೋಡಿಸಿದ ತಟ್ಟೆಗಳಲ್ಲಿ ಒಳ್ಳೆಯ ತುಂಡುಗಳೆಲ್ಲ ಖಾಲಿಯಾಗಿ ಬರೀ ಐಸು ಉಳಿದಿತ್ತು. ಮತ್ತೆ ತುಂಬಿಸಿದ್ದು ಚರ್ಮ ಮತ್ತು ನರ. ಸಮೃದ್ಧವಾಗಿ ಇದ್ದದ್ದು ಒಂದೇ, ಹಂದಿಯ ಲಿವರ್.

ಲಿವರ್ ಕಂಡು ಅವನಿಗೆ ಜೀವ ಬಂದಂತಾಯಿತು. ಪಿಕುನ್ ದಿನವೂ ಸಂಜೆ ಕಡ್ಡಿಗೆ ಚುಚ್ಚಿ ಸುಟ್ಟ ಲಿವರ್ ಕೊಳ್ಳುವುದನ್ನು ಅವನು ಅಂಗಡಿಯ ಕನ್ನಡಿಯಲ್ಲಿ ಎಷ್ಟು ಸಲ ನೋಡಿರಲಿಲ್ಲ. ಅವಳಿಗೆ ಇಷ್ಟವಾದದ್ದೇ ಉಳಿದಿದೆಯಲ್ಲ ಎಂದು ತಟ್ಟೆ ತುಂಬ ಗುಡ್ಡೆ ಹಾಕಿಕೊಂಡು ಬಂದ.

ಪಿಕುನ್ ಆ ಗುಡ್ಡೆ ನೋಡಿದಳು. ಹೊಸವರ್ಷಕ್ಕೆ ಅವಳು ಲಿವರ್ ಕೊಚ್ಚಿ ಮಾಡಿಕೊಟ್ಟ ಲಾಪ್ ಅನ್ನು ಚಾಂಗ್ ಎರಡೆರಡು ಸಲ ಹಾಕಿಸಿಕೊಂಡು ತಿಂದದ್ದು ನೆನಪಾಯಿತು. ಪಾಪ, ಇಷ್ಟೊಂದು ಆಸೆ ಇರುವ ಮನುಷ್ಯನಿಗೆ ಒಂದು ತಟ್ಟೆ ಯಾವ ಮೂಲೆಗೆ ಎಂದುಕೊಂಡು, ಸೊಪ್ಪು ತರುತ್ತೇನೆಂದು ಎದ್ದು ಹೋಗಿ ಇನ್ನೊಂದು ತಟ್ಟೆ ಲಿವರ್ ಹೊತ್ತು ತಂದಳು. ಎಷ್ಟು ಇಷ್ಟ ಇವಳಿಗೆ ಎಂದು ಬುನ್‌ತೋಮ್‌ಗೆ ಅಂತಃಕರಣ ಉಕ್ಕಿತು.

ಆಮೇಲೆ ಶುರುವಾಯಿತು ನೋಡಿ. ಅವನು ಬೆಂದದ್ದನ್ನು ಅವಳ ಬಟ್ಟಲಿಗೆ ಹಾಕುವುದು, ಅವಳು ಇವನ ಬಟ್ಟಲಿಗೆ ಹಾಕುವುದು. ಬೆಂದದ್ದು ಎಂದೆನೇ? ಆ ಬೂದಿಯ ಮೇಲೆ ಯಾವುದು ಬೇಯುತ್ತದೆ, ಬಣ್ಣ ಬದಲಾಯಿಸುತ್ತಿತ್ತು ಅಷ್ಟೇ. ನಂಜಿಕೊಳ್ಳಲು ಕೊಟ್ಟ ಗೊಜ್ಜಿನಲ್ಲಿ ಖಾರವೂ ಇರಲಿಲ್ಲ, ಹುಳಿಯೂ ಇರಲಿಲ್ಲ. ಬುನ್‌ತೋಮ್ ಉಸಿರು ಬಿಗಿಹಿಡಿದು ನುಂಗುತ್ತ, ವಾರದಿಂದ ಬಾಯಿಪಾಠ ಮಾಡಿದ್ದ ಮಾತನ್ನು ಹುಡುಕುತ್ತಿದ್ದ. ಮೊದಲ ತುಂಡು ಚೆನ್ನಾಗಿ ಸುಟ್ಟು ಪರಿಮಳ ಬಂದಾಗ ಹೇಳುವುದೆಂದು ಅವನ ಲೆಕ್ಕ. ಪರಿಮಳ ಬರಲಿಲ್ಲ. ಚೀಟಿಯ ಹೊತ್ತು ಮುಗಿಯುತ್ತ ಬಂತು. ಎದುರಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ, ತಟ್ಟೆಯಲ್ಲಿ ಮಿಕ್ಕರೆ ತೂಕ ಮಾಡಿ ದಂಡ ಹಾಕಲಾಗುವುದು ಎಂದು ಬರೆದಿತ್ತು. ಮೇಜಿನ ಮೇಲೆ ಒಂದೂವರೆ ತಟ್ಟೆ ಲಿವರ್ ಹಾಗೇ ಇತ್ತು.

ಪಿಕುನ್ ಒಂದು ತುಂಡನ್ನು ದವಡೆಯ ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದಳೇ ಹೊರತು ನುಂಗುತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಯಿಂದ ಎನ್ನಲು ಅಲ್ಲಿ ಹೊಗೆಯೇ ಇರಲಿಲ್ಲ.

“ಮೇ ಪಿಕುನ್,” ಎಂದ ಅವನು ಮೆಲ್ಲಗೆ, “ನಿಮಗೆ ಲಿವರ್ ಇಷ್ಟ ಅಲ್ವಾ?”

ಅವಳು ಕಷ್ಟಪಟ್ಟು ನುಂಗಿದಳು. “ಹುಟ್ಟಿದಾಗಿಂದ ಆಗಲ್ಲ ನನಗೆ. ವಾಸನೆಗೇ ತಲೆ ತಿರುಗತ್ತೆ.”

“ಮತ್ತೆ ದಿನಾ ಕಡ್ಡಿ ತಗೋತಿದ್ರಿ?”

“ಅದು ವಿಹಾರದ ಕುಂಟ ನಾಯಿಗೆ. ಭಿಕ್ಷುಗಳ ಊಟದಲ್ಲಿ ಅದಕ್ಕೆ ಬರೀ ಅನ್ನ ಸಿಗತ್ತೆ, ಪಾಪ. ಇಷ್ಟ ಇರೋದು ನಿಮಗಲ್ವಾ? ಲಾಪ್ ಎರಡು ಸಲ ಹಾಕಿಸ್ಕೊಂಡ್ರಿ.”

“ನೀವು ಮಾಡಿದ್ರಿ ಅಂತ ತಿಂದೆ. ಆಮೇಲೆ ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡಿದ್ದೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಪಿಕುನ್‌ಗೆ ನಗು ಬಂತು, ಆಮೇಲೆ ಅವನಿಗೆ. ನಕ್ಕು ನಕ್ಕು ಅವಳು ಸೆರಗಿಲ್ಲದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಬಡಿಸುವ ಹೆಂಗಸು ತಕ್ಕಡಿ ಹಿಡಿದು ಬಂದಳು. ಅವಳ ಹಿಂದೆ, ಅಷ್ಟು ಹೊತ್ತು ಎಲ್ಲಿದ್ದನೋ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಮ್ಯಾನೇಜರು ಬಂದ. ಲಿವರನ್ನು ತೂಗಿಸಿದ.

“ದಂಡ ಆಗತ್ತೆ ದೊಡ್ಡಪ್ಪ. ಬೋರ್ಡು ಓದಿಲ್ವಾ?”

ಪರವಾಗಿಲ್ಲ ಎನ್ನುವ ಮಾತು ಎಂದಿನಂತೆ ಬುನ್‌ತೋಮ್‌ನ ನಾಲಿಗೆಯ ತುದಿಗೆ ಬಂದಿತ್ತು. ಕೈ ಆಗಲೇ ಜೇಬಿಗೆ ಹೋಗಿತ್ತು. ಎದುರಿಗೆ ಪಿಕುನ್ ತುಟಿ ಬಿಗಿದು ಕೂತಿದ್ದಳು. ತನ್ನ ಮರ್ಯಾದೆ ಉಳಿಸಲು ಇವಳು ಸಂಜೆಯಿಡೀ ಹೀಗೇ ಕೂತಿದ್ದಾಳೆಂದು ಅವನಿಗೆ ಆಗ ಹೊಳೆಯಿತು. ಜೇಬಿನಿಂದ ಕೈ ಬರಿದೇ ಹೊರಗೆ ಬಂತು. ಎದ್ದು ನಿಂತ.

“ನೋಡಪ್ಪ. ಬೆಂಕಿ ಕೊಡೋಕೆ ಅರ್ಧ ಹೊತ್ತು ತಗೊಂಡ್ರಿ. ಕೊಟ್ಟಿದ್ದು ಬೂದಿ. ಮಾಂಸ ಅಂದ್ರೆ ಚರ್ಮ ಇಟ್ಟಿದೀರಿ. ಈ ಅಮ್ಮ ಒಬ್ಬಳನ್ನೇ ಓಡಿಸಿ ಓಡಿಸಿ ಸಾಯಿಸ್ತಿದೀರಿ. ಈ ಲಿವರ್ ನನಗೆ ಬೇಡ. ಆಗಲೂ ಬೇಡ ಇತ್ತು, ಈಗಲೂ ಬೇಡ. ಬೇಡದ್ದಕ್ಕೆ ದಂಡ ಕೊಡಲ್ಲ.”

ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದರು. ಮ್ಯಾನೇಜರಿಗೆ ತರಬೇತಿಯಲ್ಲಿ ಕಲಿಸಿದ ಮಾತು ನೆನಪಾಯಿತೇನೋ, ಕೈ ಕಟ್ಟಿ ಕೇಳಿದ. “ಹಾಗಾದ್ರೆ ನಿಮಗೆ ಏನು ಬೇಕು ದೊಡ್ಡಪ್ಪ?”

ಈ ಪ್ರಶ್ನೆಯನ್ನು ಬುನ್‌ತೋಮ್‌ಗೆ ಅವನ ಜನ್ಮದಲ್ಲಿ ಯಾರೂ ಹೀಗೆ ನೆಟ್ಟಗೆ ನಿಂತು ಕೇಳಿರಲಿಲ್ಲ. ಬಾಯಿ ಹೇಗೂ ತೆರೆದಿತ್ತು.

“ನನಗೆ ಇವರು ರಯೋಂಗ್‌ಗೆ ಹೋಗಬಾರದು,” ಎಂದ. “ನನ್ನ ಮನೇಲೇ ಇರಬೇಕು. ನನ್ನ ಜೊತೆ. ಅದು ಬೇಕು ನನಗೆ.”

ಮ್ಯಾನೇಜರು ಗೋಡೆಯ ಬೋರ್ಡನ್ನು ಒಮ್ಮೆ ನೋಡಿದ. “ಅದು ನಮ್ಮ ಹತ್ರ ಇಲ್ಲ ದೊಡ್ಡಪ್ಪ,” ಎಂದ.

ಬಡಿಸುವ ಹೆಂಗಸು ತಕ್ಕಡಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಬುನ್‌ತೋಮ್‌ನ ಕಿವಿ ಕೆಂಪಾಯಿತು, ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಪಿಕುನ್ ಅವನ ಕಡೆ ತಿರುಗಲೇ ಇಲ್ಲ. ಎದ್ದು ಮ್ಯಾನೇಜರಿಗೆ ಎದುರಾದಳು. ಚಾಂಗ್‌ನ ಮರ್ಯಾದೆಯನ್ನು ಚಾಂಗ್ ತಾನೇ ಬಿಟ್ಟುಕೊಟ್ಟ ಮೇಲೆ ಇನ್ನು ಅವಳು ಕಾಯಬೇಕಾದ್ದು ಏನೂ ಇರಲಿಲ್ಲ. ಕೆಂಡ, ಬಾಣಲೆ, ಸಾರು, ಗೊಜ್ಜು, ಐಸು ಒಂದನ್ನೂ ಬಿಡದೆ ಬೈದು ನೀವಾಳಿಸಿದಳು.

“ಇನ್ನೊಂದು ಕೇಳು,” ಎಂದಳು ಕೊನೆಗೆ. “ಈ ಮನುಷ್ಯ ಒಂದು ಮಾತು ಕೇಳೋಕೆ ನಾಲ್ಕು ವರ್ಷ ತಗೊಂಡ. ನಿಮ್ಮ ಬೆಂಕಿ ಅದಕ್ಕಿಂತ ಬೇಗ ಬಂತು, ಅದೊಂದು ಒಪ್ಕೋತೀನಿ.”

ದಂಡದ ಮಾತು ಅಲ್ಲಿಗೇ ಮುಗಿಯಿತು. ಇಬ್ಬರೂ ಹಸಿದ ಹೊಟ್ಟೆಯಲ್ಲಿ ಹೊರಗೆ ಬಂದರು. ಬುನ್‌ತೋಮ್ ಗಾಡಿ ಶುರು ಮಾಡಿದ, ಆರಿಸಿದ, ಮತ್ತೆ ಶುರು ಮಾಡಿದ.

“ಹಾಗಾದ್ರೆ…”

“ಹಾಗಾದ್ರೆ ಏನು? ಹಸಿವು ನನಗೆ. ನಡೀರಿ.”

ಮಾರುಕಟ್ಟೆಯವರೆಗೂ ಅವಳು ಮತ್ತೊಂದು ಮಾತಾಡಲಿಲ್ಲ. ಕೇಳಬಾರದಿತ್ತೇನೋ, ಎಲ್ಲರೆದುರಿಗೆ ಅವಳಿಗೆ ಅವಮಾನವಾಯಿತೇನೋ ಎಂದು ದಾರಿಯುದ್ದಕ್ಕೂ ಇವನು ಯೋಚಿಸುತ್ತಿದ್ದ. ವಂದೀ ಅಂಗಡಿ ಎತ್ತುವುದರಲ್ಲಿದ್ದಳು. ಅವಳ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಜಾಲರಿಯ ಮೇಲೆ ಉಳಿದದ್ದು ಒಂದು ತೊಡೆ, ಮತ್ತೆ ಅವನ ಪಾಲಿನ ಕುತ್ತಿಗೆ.

“ಬನ್ನಿ ಚಾಂಗ್, ಎತ್ತಿಟ್ಟಿದೀನಿ,” ಎಂದು ಅವಳು ಕುತ್ತಿಗೆಗೆ ಕೈಹಾಕಿದಳು.

“ಕುತ್ತಿಗೆ ಬೇಡ ವಂದೀ. ತೊಡೆ ಬೇಕು ನನಗೆ.”

ವಂದೀಯ ಕೈ ಅಲ್ಲೇ ನಿಂತಿತು.

“ತೊಡೆ ನನಗೂ ಬೇಕು,” ಎಂದಳು ಪಿಕುನ್.

ಬುನ್‌ತೋಮ್ ಅವಳನ್ನು ನೋಡಿದ. ಬಿಟ್ಟುಕೊಡಬೇಕೆಂದು ಒಂದು ಕ್ಷಣ ಅನ್ನಿಸಿತು. ಬಿಟ್ಟುಕೊಡಲಿಲ್ಲ. ಅವಳೂ ಬಿಟ್ಟುಕೊಡಲಿಲ್ಲ.

“ಸರಿ, ಇವತ್ತಿಗೆ ಅರ್ಧ ಅರ್ಧ ಮಾಡು ವಂದೀ,” ಎಂದಳು ಪಿಕುನ್. “ನಾಳೆಯಿಂದ ದಿನಾ ಎರಡು ತೊಡೆ ಎತ್ತಿಡು. ಇಬ್ಬರದೂ ಒಂದೇ ಪೊಟ್ಟಣ.”

“ದಿನಾ?” ಎಂದ ಬುನ್‌ತೋಮ್.

“ದಿನಾ. ಊಟ ಆದ್ಮೇಲೆ ಅಂಗಡಿ ಬೀಗ ತೆಗೀರಿ. ಆ ಮಷೀನಿನ ಹಗ್ಗ ಬಿಚ್ಚಬೇಕು, ನಾಳೆ ಹೊಲಿಗೆ ಇದೆ ನನಗೆ.”

ವಂದೀ ಕತ್ತಿಯಿಂದ ತೊಡೆಯನ್ನು ಸರಿಯಾಗಿ ನಡುವಿಗೆ ಕಡಿದಳು. ಅಂಟನ್ನ ಉಂಡೆ ಮಾಡಿಕೊಂಡು ಇಬ್ಬರೂ ಬೆಂಚಿನ ಮೇಲೆ ಕೂತು ತಿಂದರು. ಕುತ್ತಿಗೆಯನ್ನು ಅಂದು ವಂದೀಯೇ ತಿಂದಳು, ಇದರಲ್ಲಿ ಇಷ್ಟು ವರ್ಷ ಏನು ಸಿಗುತ್ತಿತ್ತೋ ಈ ಮನುಷ್ಯನಿಗೆ ಎಂದುಕೊಳ್ಳುತ್ತ.