ಬಾಗಿಲಲ್ಲಿ ನಿಂತು ರೇಟು ಇಳಿಸಿದವಳು

ಹಳೇ ಪತ್ರ ಕೊಳ್ಳಲು ಹೋಗುವವರಿಗೆ ನನ್ನದೊಂದು ಮಾತು. ಮನಸ್ಸಿಗೆ ಬಂದ ಪತ್ರವನ್ನು ಎರಡನೇ ಸಲ ನೋಡಬೇಡಿ. ಕೆಳಗಿಟ್ಟು, ಪಕ್ಕದ ಹಿತ್ತಾಳೆ ದೀಪದ ರೇಟು ಕೇಳಿ. ಅಂಚೆಚೀಟಿ ಕತ್ತರಿಸಿ ಇಟ್ಟುಕೊಳ್ಳುವ ಹುಚ್ಚಂತೂ ಬೇಡ. ಮಡಿಕೆ, ಅರಗು, ಅಂಚೆಯ ಠಸ್ಸೆ ಎಲ್ಲ ಕೂಡಿದ್ದರೇ ಅದಕ್ಕೆ ಬೆಲೆ. ಮತ್ತೆ, ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಈ ಕೊನೆಯದನ್ನು ಹೇಳಿಕೊಡುವುದು ನನಗೀಗ ಕಷ್ಟ.

ಹಳ್ಳಿ ತಿರುಗಿ, ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತ ಮೇಲೆ ಬಂದವನು ನಾನು. ಆಳಂದದಲ್ಲಿ ಈಗ ಸ್ವಂತ ಅಂಗಡಿ ಇದೆ. ಅಫಜಲಪುರದ ಒಂದು ಮನೆಯಿಂದ ಕೊಂಡ ಟ್ರಂಕಿನ ತಳದಲ್ಲಿ, ಜಾವಾವನ್ನು ಡಚ್ಚರು ಆಳುತ್ತಿದ್ದ ಕಾಲದಲ್ಲಿ ಅಲ್ಲಿಂದ ಬಂದ ನಾಲ್ಕಾರು ಪತ್ರಗಳಿದ್ದವು. ಆ ಮನೆಯ ಹಿರಿಯರು ಹಿಂದೆ ಮುಂಬಯಿಯಲ್ಲಿ ಅರಿವೆ ವ್ಯಾಪಾರ ಮಾಡುತ್ತಿದ್ದರಂತೆ. ಲಕ್ಕೋಟೆಯಿಲ್ಲ, ಬರೆದ ಹಾಳೆಯನ್ನೇ ಮಡಚಿ, ಅರಗು ಒತ್ತಿ, ಮೇಲೆ ವಿಳಾಸ. ಅಂದು ಹಿಡಿದ ಹುಚ್ಚು ಬಿಡಲೇ ಇಲ್ಲ. ಡಚ್ ಭಾಷೆ ನನಗೆ ಬರುವುದಿಲ್ಲ. ಮೊಬೈಲಿನಲ್ಲಿ ಹುಡುಕಿ ಠಸ್ಸೆಗಳನ್ನಷ್ಟೇ ಗುರುತಿಸಲು ಕಲಿತೆ.

ಬಾಗಿಲಲ್ಲಿ ನಿಲ್ಲುತ್ತಿದ್ದವಳು ನನ್ನ ಹೆಂಡತಿ. ನಾನು ದೀಪದ ರೇಟು ಕೇಳಿದ ಕೂಡಲೇ ಆಕೆಯ ಪಾಳಿ.

“ಮತ್ತ ಕಾಗದ ಹಿಡದೀರೇನ್ರಿ? ಮನ್ಯಾಗಿನವ್ನ ಇಲಿ ಇನ್ನಾ ತಿಂದು ಮುಗಿಸಿಲ್ಲ. ನಡೀರಿ, ಬಸ್ ಹೋಗ್ತದ.”

ಅಂಗಡಿಯವ ರೇಟು ಇಳಿಸುತ್ತಿದ್ದ. ಓಣಿ ತಿರುಗಿದ ಮೇಲೆ ಆಕೆ ಸೆರಗು ಬಾಯಿಗೆ ಹಿಡಿದು ನಗುವಳು. ಬಸ್ಸಿನಲ್ಲಿ ಪತ್ರ ಆಕೆಯ ಕೈಗೆ. ಒಂದಕ್ಷರ ತಿಳಿಯದಿದ್ದರೂ ಬೆರಳಿಟ್ಟು ಓದುವಳು: “ಯವ್ವಾ, ಇಲ್ಲಿ ಬರೇ ಅನ್ನ ಹಾಕ್ತಾರ. ರೊಟ್ಟಿ ತಿಂದು ವರ್ಷ ಆತು.”

“ಡಚ್ಚಂವ ರೊಟ್ಟಿ ಕೇಳ್ತಾನೇನ ಬೇ?”

“ನಿಮಗ ಓದಾಕ ಬರಂಗಿಲ್ಲ, ಸುಮ್ಮ ಕೂಡ್ರಿ.”

ನಾನು ವರ್ಷಗಟ್ಟಲೆ ಹುಡುಕಿದ ಪತ್ರ ಸಿಕ್ಕಿದ್ದು ಜೇವರ್ಗಿಯಲ್ಲಿ, ಒಬ್ಬ ಚಾಚಾನ ಹಳೇ ಸಾಮಾನಿನ ಅಂಗಡಿಯಲ್ಲಿ. ಜಾವಾದ ಬಟಾವಿಯಾ ಬಂದರಿನ ಠಸ್ಸೆಯ ಪಕ್ಕದಲ್ಲೇ ‘ಕಡಲ ಪತ್ರ’ ಎಂಬರ್ಥದ ಡಚ್ ಮುದ್ರೆ. ಹಡಗಿನಲ್ಲಿ ಬಂದದ್ದೆಂಬುದಕ್ಕೆ ಗುರುತು. ಆಕೆ ಇಲಿಯ ಮಾತಾಡಿ ಅರ್ಧ ರೇಟಿಗೆ ಕೇಳಿದಳು. ಚಾಚಾ ಅವತ್ತು ಜಗ್ಗಲಿಲ್ಲ. ನನಗೆ ಕೊಂಡುಬಿಡುವ ಆಸೆ; ಆಕೆ ಅಂಗಿ ಹಿಡಿದೆಳೆದಳು.

“ಇರ್ಲಿ ಬಿಡ್ರಿ. ಮುಂದಿನ ಸಲ ನಾ ಬಂದು ಇಳಸ್ತೇನಿ.”

ಮುಂದಿನ ಸಲ ಆಕೆ ಇರಲಿಲ್ಲ. ಎದೆನೋವೆಂದಾಗ ಕಲಬುರಗಿಗೆ ಕರೆದೊಯ್ದೆ. ದವಾಖಾನೆಯ ಬಾಗಿಲಲ್ಲೂ “ಎಷ್ಟಾಗ್ತದಂತ ಮೊದಲ ಕೇಳ್ರಿ” ಎಂದಳು. ಒಳಗೆ ಹೋದವಳು ತಿರುಗಿ ಬರಲಿಲ್ಲ.

ಪತ್ರಗಳ ಪೆಟ್ಟಿಗೆಯನ್ನು ಬಹಳ ದಿನ ಮುಟ್ಟಲಿಲ್ಲ. ಈ ಶ್ರಾವಣದಲ್ಲಿ ಜೇವರ್ಗಿಗೆ ಹೋದೆ. ಪತ್ರ ಅಲ್ಲೇ ಇತ್ತು. ಎತ್ತಿದೆ, ಕೆಳಗಿಟ್ಟೆ, ದೀಪದ ರೇಟು ಕೇಳಿದೆ. ಮುಂದಿನದು ಆಕೆಯ ಪಾಳಿ. ನಾನು ಬಾಗಿಲ ಕಡೆ ನೋಡಿದೆ. ಚಾಚಾನೂ ನೋಡಿದರು.

“ಅಕ್ಕಾರು ಎಲ್ಲಿ ನಿಂತಾರ್ರಿ?”

“ಇಲ್ಲ ಚಾಚಾ. ಹೋದ್ಳು.”

ಚಾಚಾ ಸ್ಟೂಲಿನ ಮೇಲೆ ಕೂತರು. ತುಟಿಯಲ್ಲೇ ಏನೋ ಅಂದುಕೊಂಡರು. ಆಮೇಲೆ ಹೇಳಿದರು:

“ಆ ಇಲಿ ಮಾತು ನಮಗೆಲ್ಲಾ ಬಾಯಿಪಾಠ ಆಗಿತ್ರಿ. ಅಫಜಲಪುರದಾಗ ಅಂಗಡಿ ಇಟ್ಟ ನನ್ನ ತಮ್ಮಗೂ ಗೊತ್ತದ. ಅಕ್ಕಾರ ಬಾಯಾಗ ಕೇಳಾಕ ಖುಷಿ ಅನಸ್ತಿತ್ತು, ಅದಕ್ಕ ಇಳಸ್ತಿದ್ದಿವಿ. ನಿಮ್ಮ ಮಾರಿ ನೋಡಿ ಯಾರ ಇಳಸ್ತಾರ್ರಿ?”

ಪತ್ರವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ನನ್ನ ಕಡೆ ಸರಿಸಿದರು. “ಅವ್ರು ಕೇಳಿದ್ದಕ್ಕ ತಗೋರಿ.”

ಇಷ್ಟು ವರ್ಷ ಅದೆಲ್ಲ ನನ್ನ ಜಾಣತನವೆಂದು ತಿಳಿದಿದ್ದೆ. ತಾನು ಬಂದು ಇಳಿಸುತ್ತೇನೆ ಎಂದಿದ್ದಳು. ಆಕೆಯಿಲ್ಲದೆ ರೇಟು ಇಳಿಯುವುದು ನನಗೆ ಬೇಡವಾಗಿತ್ತು. ಚಾಚಾ ಎಷ್ಟು ಬೇಡವೆಂದರೂ, ಮೊದಲು ಹೇಳಿದ್ದ ರೇಟನ್ನೇ ಪೂರ್ತಿ ಕೊಟ್ಟೆ. ನೀವು ಹಾಗೆ ಮಾಡಬೇಡಿ. ವ್ಯಾಪಾರಕ್ಕೆ ಒಳ್ಳೆಯದಲ್ಲ.

ಬಸ್ಸಿನಲ್ಲಿ ಕಿಟಕಿ ಕಡೆಯ ಸೀಟು ಬಿಟ್ಟು ಕೂತೆ. ಪತ್ರ ಬಿಡಿಸಿ ತೊಡೆಯ ಮೇಲಿಟ್ಟುಕೊಂಡೆ. ಬಟಾವಿಯಾ. ಕಡಲ ಪತ್ರ. ನನಗೆ ಓದಲು ಬರುವುದು ಅಷ್ಟೇ. ಒಳಗಿನ ಮೊದಲ ಸಾಲಿಗೆ ಬೆರಳಿಟ್ಟು “ಯವ್ವಾ, ಇಲ್ಲಿ” ಎಂದು ಶುರು ಮಾಡಿದೆ. ಮುಂದೆ ಅವನೇನು ಬರೆದಿದ್ದಾನೆಂದು ಹೊಳೆಯಲಿಲ್ಲ.