ಸಾಹೇಬ ಮುಟ್ಟಿಕೊಟ್ಟ ಮೊರ

ದೊಮ್ಮಲೂರಿನ ಮುನಿಗಂಗಮ್ಮನಿಗೆ ಕೋಪ ಬಂದರೆ ಮಾತಿಗಿಂತ ಮೊದಲು ಕುಡುಗೋಲು ಮೇಲೇಳುತ್ತಿತ್ತು. ಹಲಸೂರಿನ ಹುಲ್ಲಿನ ಸಂತೆಯಲ್ಲಿ ಒಬ್ಬ ಜಟಕಾದವನು ಹೊರೆಯನ್ನು ಎತ್ತಿ ನೋಡಿ, ‘ಒಳಗೆ ಬರೀ ಕಸ’ ಎಂದು ಮೂಗು ಮುರಿದದ್ದಕ್ಕೆ ಅವನ ಕುದುರೆಯ ಲಗಾಮನ್ನೇ ಕೊಯ್ದು ಕೈಗೆ ಕೊಟ್ಟಿದ್ದಳು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಆ ಗಾದೆ ಕಟ್ಟಿದವನು ಮುನಿಗಂಗಮ್ಮನನ್ನು ನೋಡಿರಲಿಲ್ಲ, ಅಷ್ಟೆ. ಅವಳ ಕೋಪ ಎಷ್ಟೋ ಸಲ ಎದುರಿನವರ ದವಡೆಗೇ ಮೂಲವಾಗಿತ್ತು.

ಗಂಡ ಮಿಲಿಟರಿ ಲಾರಿಯ ಚಕ್ರಕ್ಕೆ ಸಿಕ್ಕಿ ಸತ್ತ ಮೇಲೆ ಅವಳಿಗೆ ಉಳಿದದ್ದು ಗಂಡನ ತಂಗಿ ಪಟಾಲಮ್ಮ ಒಬ್ಬಳೇ. ಅವಳು ಗಂಡ ಬಿಟ್ಟವಳು. ಅತ್ತಿಗೆ ಬೆಂಕಿಯಾದರೆ ನಾದಿನಿ ನೀರು. ಇಬ್ಬರೂ ಬೆಳಿಗ್ಗೆ ಎದ್ದು ಬಿಳಿಯರ ದಂಡಿನ ಸಿಪಾಯಿಗಳು ಗುಂಡು ಹಾರಿಸುವ ಬಯಲಿಗೆ ಹೋಗುವರು, ಹುಲ್ಲು ಕೊಯ್ದು ಹೊರೆ ಕಟ್ಟಿ ಹಲಸೂರಿಗೆ ಹೊರುವರು. ಆ ಬಯಲಿನ ಹುಲ್ಲನ್ನು ಯಾರು ಬೇಕಾದರೂ ಕೊಯ್ಯಬಹುದು ಎಂಬುದು ಅಜ್ಜಿಯ ಕಾಲದಿಂದ ಬಂದ ರೂಢಿ. ಯುದ್ಧ ಶುರುವಾಗಿ ಪೆಟ್ರೋಲೆಲ್ಲ ಮಿಲಿಟರಿಗೆ ಹೋದ ಮೇಲೆ ಊರಿನ ದೊಡ್ಡವರೂ ಜಟಕಾ ಹತ್ತಿದರು, ಹುಲ್ಲಿಗೆ ಬೆಲೆ ಬಂತು. ಬೆಲೆ ಬಂದಲ್ಲಿ ಹದ್ದು ಬಾರದೆ ಇರುತ್ತದೆಯೇ? ಈ ಹದ್ದಿನ ಹೆಸರು ಚಿನ್ನಪ್ಪ, ಕಂತ್ರಾಟುದಾರ.

ಚಿನ್ನಪ್ಪ ಯಾರಿಗೂ ಕೈ ಎತ್ತಲಿಲ್ಲ, ಮೊದಲಿಗೆ. ಬಯಲಿನ ಉಸ್ತುವಾರಿಯ ಸಾಹೇಬರ ಬಂಗಲೆಗೆ ಹೋಗಿ ಬಂದ, ಮತ್ತೆ ಹೋಗಿ ಬಂದ. ಹುಲ್ಲಿನ ಹೆಂಗಸರ ಸೋಗಿನಲ್ಲಿ ಕಳ್ಳರು ನುಗ್ಗಿ ಹಾರಿಸಿದ ಗುಂಡಿನ ತೋಟಾಗಳ ಹಿತ್ತಾಳೆ ಕದಿಯುತ್ತಾರೆ, ನಾಳೆ ಗುಂಡು ತಗುಲಿ ಯಾರಾದರೂ ಸತ್ತರೆ ಹೊಣೆ ಯಾರು, ಒಂದು ಕಟ್ಟುಪಾಡು ಬೇಡವೇ ಎಂದು ಬಲು ವಿನಯದಿಂದ ಅರಿಕೆ ಮಾಡಿಕೊಂಡ. ಬಡವರ ಜೀವದ ಮೇಲೆ ಅವನಿಗೆ ಹುಟ್ಟಿದ ಆ ಮಮತೆಯನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಾಹೇಬರಿಗೆ ಅದು ಸರಿ ಕಂಡಿತು, ಹುಕುಂ ಹೊರಟಿತು. ಹಿತ್ತಾಳೆಯ ಬಿಲ್ಲೆ ಕೊರಳಲ್ಲಿ ಇಲ್ಲದವರು ಬಯಲಿಗೆ ಕಾಲಿಡಬಾರದು. ಬಿಲ್ಲೆ ಹಂಚುವ ಕೆಲಸ ಯಾರದು? ಚಿನ್ನಪ್ಪನದೇ. ತಾನು ಹೇಳಿದ ಬೆಲೆಗೆ ತನಗೇ ಹುಲ್ಲು ಹಾಕುವವರಿಗೆ ಮಾತ್ರ ಅವನು ಬಿಲ್ಲೆ ಕೊಟ್ಟ. ದೊಮ್ಮಲೂರಿನ ಹೆಂಗಸರು ಒಪ್ಪಲಿಲ್ಲ.

ಒಪ್ಪದವರನ್ನು ಅವನ ಕಾವಲುಗಾರರು ಬಿದಿರುದೊಣ್ಣೆಯಿಂದ ಅಟ್ಟಿಸಿ ಹೊಡೆದರು. ಬಸುರಿಯೊಬ್ಬಳ ಹೊಟ್ಟೆಗೆ ಒದ್ದರು, ಅವಳ ಬಸಿರು ಬಯಲಲ್ಲೇ ಇಳಿದುಹೋಯಿತು. ಮುನಿಗಂಗಮ್ಮ ಒಬ್ಬನ ಮುಂಗೈಯನ್ನು ಎಲುಬು ಕಾಣುವಂತೆ ಸೀಳಿದಳು. ಅದಕ್ಕೆ ಅವರು ಅವಳ ಮುಂದಿನ ಹಲ್ಲುಗಳನ್ನು ಉದುರಿಸಿ ಮೋರಿಗೆ ತಳ್ಳಿ ಹೋದರು.

ಕೆರೆಯ ಹೊಂಗೆಮರದ ಕೆಳಗೆ ಹೆಂಗಸರು ಸೇರಿದರು. ಮುನಿಗಂಗಮ್ಮ ರಕ್ತ ಉಗುಳುತ್ತಲೇ, “ನಾಳೆ ಎಲ್ರೂ ಕುಡುಗೋಲು ಮಸ್ಕೊಂಡು ಬನ್ನಿ. ಒಬ್ಬೊಬ್ಬನ್ನ ಕೊಯ್ದಾಕ್ಬಿಡಾಣ” ಎಂದಳು.

ಪಟಾಲಮ್ಮ ಅವಳ ಬಾಯಿ ಒರೆಸುತ್ತ, “ಬ್ಯಾಡ ಕಣತ್ಗೆ. ನಾವು ಕುಡುಗೋಲು ತಂದ್ರೆ ಅವರು ಬಂದೂಕ ತರ್ತಾರೆ. ಚಿನ್ನಪ್ಪ ಕೇಳಿ ಈಸ್ಕೊಂಡ. ನಾವೂ ಹೋಗಿ ಕೇಳಾಣ. ನಿಂಗೆ ಬಾಯಿ ಐತಲ್ಲ, ನಮ್ಮೆಲ್ಲರ ಪರವಾಗಿ ನೀನೇ ಮಾತಾಡು” ಎಂದಳು.

ಎಲ್ಲರೂ ಹೂಂಗುಟ್ಟಿದರು. ಹೀಗೆ ಮುನಿಗಂಗಮ್ಮ ಮೊದಲ ಸಲ ಹತ್ತಾರು ಮನೆಗಳ ಬಾಯಿಯಾದಳು.

ಸಾಹೇಬರ ಬಟ್ಲರ್ ಚಾಂದ್ ಪಾಷಾ ಬಂಗಲೆಯ ಮಟ್ಟಕುದುರೆಗೆ ಇವಳ ಹತ್ತಿರವೇ ಹುಲ್ಲು ಕೊಳ್ಳುತ್ತಿದ್ದ. ಅವನನ್ನು ಕೇಳಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

“ಕ್ರಿಸ್‌ಮಸ್ ದಿನ ಬಾರಮ್ಮಾ, ಡಾಲಿ ತಗೊಂಡು,” ಎಂದ ಅವನು. ಹಬ್ಬದ ದಿನ ಸಾಹೇಬರಿಗೆ ತಟ್ಟೆಯಲ್ಲಿ ಒಪ್ಪಿಸುವ ಕಾಣಿಕೆಗೆ ದಂಡಿನಲ್ಲಿ ಡಾಲಿ ಎನ್ನುತ್ತಿದ್ದರು. “ಆವತ್ತು ಯಾರ್ನೂ ಗೇಟಲ್ಲಿ ತಡೆಯೋದಿಲ್ಲ. ಹಣ್ಣು, ಹೂವು, ಅಷ್ಟೇ. ಬೇರೆ ಏನಾರ ತಂದ್ರೆ ಸಾಹೇಬರು ಎತ್ತಿ ಬಿಸಾಕ್ತಾರೆ. ಸರ್ಕಾರದ ಕಾನೂನು ಅದು.”

“ಚಿನ್ನಪ್ಪನೂ ಬರೀ ಹಣ್ಣೇ ತಂದ್ನಾ?”

ಚಾಂದ್ ಪಾಷಾ ಆ ಕಡೆ ಈ ಕಡೆ ನೋಡಿದ. “ಮೇಲೆ ಕಿತ್ತಳೆ ಹಣ್ಣೇ ಅಮ್ಮಾ. ಕೆಳಗೆ ಬ್ರಾಂದಿ ಬಾಟ್ಲಿ ಇತ್ತು, ಸೀಮೆಯದ್ದು. ನಾನು ನೋಡ್ಲಿಲ್ಲ, ನೀನೂ ಕೇಳ್ಲಿಲ್ಲ.”

ಕ್ರಿಸ್‌ಮಸ್ ದಿನ ಪಟಾಲಮ್ಮ ಹೊಸ ಮೊರಕ್ಕೆ ಅರಿಶಿನ ಕುಂಕುಮ ಹಚ್ಚಿ, ಊರದೇವತೆ ಗಂಗಮ್ಮನ ಗುಡಿಗೆ ಒಯ್ಯುವ ಹಾಗೆಯೇ ಸೀಬೆಹಣ್ಣು, ನಿಂಬೆಹಣ್ಣು, ಬಾಳೆಹಣ್ಣು ಜೋಡಿಸಿ ಮೇಲೆ ಚೆಂಡುಹೂವು ಇಟ್ಟಳು. ಬಂಗಲೆಯ ಜಗಲಿಯಲ್ಲಿ ಸಾಹೇಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಚಿನ್ನಪ್ಪನ ತಟ್ಟೆ ಮೊದಲು ಬಂತು. ಸಾಹೇಬರು ಅದನ್ನು ಮುಟ್ಟಿ ತಲೆಯಾಡಿಸಿದರು, ಆಳುಗಳು ಅದನ್ನು ಒಳಗೆ ಒಯ್ದರು.

ಮುನಿಗಂಗಮ್ಮ ಮೊರ ಹಿಡಿದು ನಿಂತು ಎಲ್ಲವನ್ನೂ ಹೇಳಿದಳು. ಅಜ್ಜಿಯ ಕಾಲದ ರೂಢಿ ಹೇಳಿದಳು, ಬಿಲ್ಲೆಯ ಅನ್ಯಾಯ ಹೇಳಿದಳು, ಇಳಿದುಹೋದ ಬಸಿರು ಹೇಳಿದಳು, ತನ್ನ ಬೋಡುಬಾಯಿ ತೆರೆದು ತೋರಿಸಿದಳು. ಚಾಂದ್ ಪಾಷಾ ಅಷ್ಟನ್ನೂ ಕೇಳಿ, ಪಕ್ಕದಲ್ಲೇ ನಿಂತಿದ್ದ ಚಿನ್ನಪ್ಪನ ಕಣ್ಣು ನೋಡಿ, ಸಾಹೇಬರಿಗೆ ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದ: ಹುಲ್ಲಿನ ಹೆಂಗಸರು ಹಬ್ಬದ ಸಲಾಂ ಹೇಳುತ್ತಿದ್ದಾರೆ.

ಸಾಹೇಬರು ನಕ್ಕರು. ಬೆರಳ ತುದಿಯಿಂದ ಒಂದು ಸೀಬೆಹಣ್ಣು ಮುಟ್ಟಿ, ನೀವೇ ಇಟ್ಟುಕೊಳ್ಳಿ ಎಂಬಂತೆ ಮೊರವನ್ನು ಹಿಂದಕ್ಕೆ ಸರಿಸಿದರು. ಬಡವರ ಡಾಲಿಯನ್ನು ಮುಟ್ಟಿ ವಾಪಸು ಕೊಡುವುದು ಅವರ ಪೈಕಿ ದೊಡ್ಡತನ. ನಮ್ಮ ಹೆಂಗಸರಿಗೆ ಗೊತ್ತಿದ್ದದ್ದು ಬೇರೆ. ದೇವರ ಮುಂದಿಟ್ಟ ಹಣ್ಣು ದೇವರನ್ನು ಮುಟ್ಟಿ ಕೈಗೆ ಹಿಂದಿರುಗಿದರೆ ಅದು ಪ್ರಸಾದ, ಬೇಡಿದ್ದು ನಡೆಯಿತು ಎಂದೇ ಅರ್ಥ. ಗುಡಿಯಿಂದ ಹೊರಟವರಂತೆ ಅವರು ದಾರಿಯುದ್ದಕ್ಕೂ ಸೀಬೆಹಣ್ಣು ಹಂಚಿ ತಿಂದರು.

ಪಟಾಲಮ್ಮ ಮಾತ್ರ, “ಅತ್ಗೆ, ಸಾಹೇಬ್ರು ಬಾಯಿಬಿಟ್ಟು ಏನೂ ಅನ್ಲಿಲ್ವಲ್ಲೇ?” ಎಂದಳು.

“ಮುಟ್ಟಿಕೊಟ್ಟ ಮೇಲೆ ಇನ್ನೇನು ಅನ್ಬೇಕು? ಆಯ್ತು ಅಂತ ನಾನು ಹೇಳ್ತಾ ಇವ್ನಿ. ನಾಳೆ ಎಲ್ರೂ ಬನ್ನಿ, ಬಿಲ್ಲೆ ಗಿಲ್ಲೆ ಬ್ಯಾಡ,” ಎಂದಳು ಮುನಿಗಂಗಮ್ಮ. ಅತ್ತಿಗೆ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಪಟಾಲಮ್ಮ ಮೊರವನ್ನು ತಲೆಗೇರಿಸಿಕೊಂಡು ಹೆಜ್ಜೆ ಹಾಕಿದಳು.

ಮಾರನೆಯ ದಿನ ಹೆಂಗಸರು ಹಾಡು ಹೇಳಿಕೊಂಡು ಬಯಲಿಗೆ ಇಳಿದರು. ಹೊರೆ ಅರ್ಧ ಆಗುವ ಹೊತ್ತಿಗೆ ದೊಣ್ಣೆಗಳು ಬಂದವು. ಜೊತೆಗೆ ಚಿನ್ನಪ್ಪನೂ ಕುದುರೆಯ ಚಾವಟಿ ಹಿಡಿದು ಬಂದಿದ್ದ. ಕೂತಿದ್ದವರ ಬೆನ್ನ ಮೇಲೆ, ಎದ್ದವರ ಮೊಣಕಾಲ ಮೇಲೆ, ಬಿದ್ದವರ ತಲೆಯ ಮೇಲೆ ಏಟು. ಚಾವಟಿಗೆ ಒಬ್ಬಳ ಕಣ್ಣು ಹೋಯಿತು.

ಮುನಿಗಂಗಮ್ಮ ಕೈ ಎತ್ತಿ, “ಸಾಹೇಬ್ರು ಒಪ್ಪವ್ರೆ! ಮೊರ ಮುಟ್ಟಿಕೊಟ್ಟವ್ರೆ!” ಎಂದು ಕೂಗಿದಳು.

ಚಿನ್ನಪ್ಪ ಬಿದ್ದುಬಿದ್ದು ನಕ್ಕ. “ನಿನ್ನ ಮೊರ ಆಚೆ ಬಂತು, ನನ್ನ ತಟ್ಟೆ ಒಳಕ್ಕೆ ಹೋಯ್ತು. ಇಷ್ಟೂ ತಿಳೀದಿದ್ಮೇಲೆ ಸಾಹೇಬರ ಹತ್ರ ಯಾಕಮ್ಮಾ ಹೋಗ್ತೀಯಾ?”

ಪಟಾಲಮ್ಮ ಕುಡುಗೋಲು ಕೆಳಗಿಟ್ಟು, ಎರಡೂ ಕೈ ಮುಗಿದು, “ಅಣ್ಣಾ, ಹೊಡೀಬೇಡಿ ಅಣ್ಣಾ, ಹೊಂಟೋಗ್ತೀವಿ” ಎನ್ನುತ್ತ ಮುಂದೆ ಬಂದಳು. ಕಾವಲುಗಾರನೊಬ್ಬ ದೊಣ್ಣೆಯನ್ನು ಎರಡು ಕೈಯಲ್ಲಿ ಎತ್ತಿ ಅವಳ ಕಪಾಲಕ್ಕೆ ಬೀಸಿದ. ಮುಗಿದ ಕೈ ಮುಗಿದ ಹಾಗೆಯೇ ಅವಳು ತಾನು ಕೊಯ್ದ ಹುಲ್ಲಿನ ಮೇಲೆ ಬಿದ್ದಳು. ಕಿವಿಯಿಂದ, ಮೂಗಿನಿಂದ ರಕ್ತ ಹರಿದು ಹೊರೆಗೆ ಇಳಿಯಿತು. ಮುನಿಗಂಗಮ್ಮ ಚಿನ್ನಪ್ಪನ ಮೇಲೆ ಹಾರಿ ಅವನ ಬಲಗಿವಿಯನ್ನು ಬುಡದಿಂದ ಕೊಯ್ದಳು. ಆಮೇಲೆ ಅವಳ ತಲೆಯ ಮೇಲೂ ದೊಣ್ಣೆ ಬಿತ್ತು. ಎಚ್ಚರವಾದಾಗ ಪಟಾಲಮ್ಮನ ಮೈ ತಣ್ಣಗಾಗಿತ್ತು.

ಪೊಲೀಸರು ಕಿವಿ ಕೊಯ್ದವಳನ್ನು ಹುಡುಕಿಕೊಂಡು ಬಂದರು, ಕೊಂದವನನ್ನಲ್ಲ. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಬಿದ್ದ. ಕಮ್ಮನಹಳ್ಳಿಯ ನೆಂಟರ ಮನೆಯಲ್ಲಿ ಅಡಗಿದ್ದ ಮುನಿಗಂಗಮ್ಮ ಅನ್ನ ಮುಟ್ಟಲಿಲ್ಲ, ಅಳಲೂ ಇಲ್ಲ. ಕೊಂದದ್ದು ದೊಣ್ಣೆಯಲ್ಲ, ನನ್ನ ‘ಆಯ್ತು’ ಎಂಬ ಮಾತು ಎಂದು ಗೋಡೆಗೆ ಹಣೆ ಚಚ್ಚಿಕೊಂಡಳು.

ಇಂಗ್ಲಿಷರ ಹೊಸ ವರ್ಷದ ದಿನ ಮತ್ತೆ ಡಾಲಿ. ಜಗಲಿಯ ತುಂಬ ದೊರೆಗಳು, ದೊರೆಸಾನಿಯರು. ಮುನಿಗಂಗಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಅದೇ ಮೊರ ಹೊತ್ತು ಬಂದಳು. ಮೇಲೆ ಚೆಂಡುಹೂವು ಕಿಕ್ಕಿರಿದಿತ್ತು. ಮೆಟ್ಟಿಲಲ್ಲಿ ನಿಂತಿದ್ದ ಚಾಂದ್ ಪಾಷಾ ಹೂವಿನ ಸಂದಿಯಲ್ಲಿ ಇಣುಕಿ ನೋಡಿದ. ಅವನು ಅವಳನ್ನು ಅಲ್ಲೇ ತಡೆಯಬಹುದಿತ್ತು. ತಡೆಯಲಿಲ್ಲ, ಪಕ್ಕಕ್ಕೆ ಸರಿದು ನಿಂತ.

ಸಾಹೇಬರು ವಾಡಿಕೆಯಂತೆ ನಕ್ಕು ಕೈ ಚಾಚಿದರು. ಬೆರಳು ಹೂವು ದಾಟಿ ಒಳಗೆ ಹೋಯಿತು. ಅಲ್ಲಿದ್ದದ್ದು ರಕ್ತ ಹೀರಿ ಕೊಳೆತ ಹುಲ್ಲು, ಅದರಲ್ಲಿ ಅಂಟಿದ ಕೂದಲು, ಪಟಾಲಮ್ಮನ ಒಡೆದ ಬಳೆ. ಸಾಹೇಬರು ಕೈ ಎಳೆದುಕೊಂಡರು. ಬೆರಳಲ್ಲಿ ಕಪ್ಪು ಅಂಟು, ಬಳೆಚೂರು ಚುಚ್ಚಿ ಅವರದೇ ಕೆಂಪು ಹನಿ. ದೊರೆಸಾನಿಯೊಬ್ಬಳು ಚೀರಿದಳು.

“ಮುಟ್ಟಿದ್ರಲ್ಲಾ ಸ್ವಾಮೀ. ಹೋದ ಸಲಾನೂ ಮುಟ್ಟಿದ್ರಿ, ಆಯ್ತು ಅನ್ಕೊಂಡ್ವಿ, ನನ್ನ ನಾದಿನಿ ಸತ್ಲು,” ಎಂದಳು ಮುನಿಗಂಗಮ್ಮ. “ಮುಟ್ಟೋದು ಸಾಕು. ಹುಲ್ಲು ನಮ್ದಾ, ಅಲ್ವಾ? ಇಷ್ಟು ಜನದ ಮುಂದೆ ಬಾಯಿಬಿಟ್ಟು ಹೇಳಿ.”

ಈ ಸಲ ಚಾಂದ್ ಪಾಷಾ ಒಂದು ಮಾತನ್ನೂ ನುಂಗಲಿಲ್ಲ. ಅವಳು ಹೇಳಿದ್ದನ್ನು ಹೇಳಿದಂತೆಯೇ ಇಂಗ್ಲಿಷಿನಲ್ಲಿ ಹೇಳಿದ. ಅವಳು ಹೇಳದೆ ಬಿಟ್ಟಿದ್ದ ಬಾಟ್ಲಿಯ ಸಂಗತಿಯನ್ನೂ ಸೇರಿಸಿದ. ಅವತ್ತೇ ಅವನ ನೌಕರಿ ಹೋಯಿತು.

ಪೊಲೀಸರು ಮುನಿಗಂಗಮ್ಮನ ಜುಟ್ಟು ಹಿಡಿದು ಮೆಟ್ಟಿಲ ಮೇಲೆ ದರದರ ಎಳೆದರು. ಎಳೆಯುತ್ತಿರುವಾಗಲೂ ಅವಳು ಹಿಂದಕ್ಕೆ ತಿರುಗಿ, “ಹೇಳಿ! ಹೇಳಿ!” ಎಂದು ಅರಚುತ್ತಲೇ ಇದ್ದಳು. ಸಾಹೇಬರು ಕೊನೆಗೂ ಹುಲ್ಲು ಅವರದೇ ಎಂದು ಬಾಯಿಬಿಟ್ಟು ಹೇಳಿದರು. ನ್ಯಾಯಕ್ಕೆ ಹೇಳಿದರೋ, ಅಷ್ಟು ಜನರ ಮುಂದೆ ಮಾನ ಉಳಿಸಿಕೊಳ್ಳಲು ಹೇಳಿದರೋ, ಯಾರು ಬಲ್ಲರು? ಬಿಲ್ಲೆ ರದ್ದಾಯಿತು, ಚಿನ್ನಪ್ಪನ ಕಂತ್ರಾಟು ಹೋಯಿತು. ಕೊಲೆಗೆ ಸಾಕ್ಷಿ ಸಿಗಲಿಲ್ಲವಂತೆ. ಹೊಡೆದವನು ಯುದ್ಧದ ಕೂಲಿಗೆ ಸೇರಿ ಅಸ್ಸಾಮಿಗೆ ಹೋದನಂತೆ. ಕಿವಿ ಕೊಯ್ದದ್ದಕ್ಕೆ ಮುನಿಗಂಗಮ್ಮನಿಗೆ ಜೈಲಾಯಿತು. ಬಿಡುಗಡೆಯ ದಿನ ಹೆಂಗಸರು ಹಾರ ತಂದರು. ಅವಳು ಅದನ್ನು ಕಿತ್ತು ನೆಲಕ್ಕೆ ಬಿಸಾಡಿದಳು.

ಯುದ್ಧ ಮುಗಿದು, ಬಿಳಿಯರು ಗಂಟು ಕಟ್ಟಿ, ದಂಡು ಪ್ರದೇಶ ಮೈಸೂರು ಸರ್ಕಾರದ ಕೈಗೆ ಬಂತು. ಬಯಲಿಗೆ ಬೇಲಿ ಹಾಕುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಊರವರು ಹಾರ, ನಿಂಬೆಹಣ್ಣು ಹಿಡಿದು ಹೊಸ ಅಧಿಕಾರಿಯ ಕಚೇರಿಗೆ ಹೊರಟರು. ಮಾತಿಗೆ ಮುನಿಗಂಗಮ್ಮನೇ ಬೇಕೆಂದು ಎಳೆದುಕೊಂಡು ಹೋದರು. ಅಧಿಕಾರಿ ನಮ್ಮವನೇ, ಕನ್ನಡದವನೇ. ಊರ ಹಿರಿಯ ಚಿಕ್ಕವೆಂಕಟಪ್ಪ ನೀಡಿದ ನಿಂಬೆಹಣ್ಣನ್ನು ನಗುತ್ತ ತೆಗೆದುಕೊಳ್ಳಲು ಅವನು ಕೈ ಚಾಚಿದ. ಮುನಿಗಂಗಮ್ಮ ಆ ಹಣ್ಣನ್ನು ನಡುವಿನಿಂದಲೇ ಕಿತ್ತುಕೊಂಡಳು.

“ಮುಟ್ಟಬ್ಯಾಡಿ ಸ್ವಾಮೀ. ಹೇಳಿ. ಬೇಲಿ ಹಾಕ್ದೆ ಬಯಲು ನಮ್ಗೆ ಬಿಡ್ತೀರೋ, ಇಲ್ವೋ?”

“ನೋಡೋಣಮ್ಮ, ನೋಡೋಣ,” ಎಂದ ಅಧಿಕಾರಿ.

ಅವಳು ಅಂಗಳದಲ್ಲಿ ಕಾದು ನಿಂತಿದ್ದ ಹೆಂಗಸರ ಕಡೆ ತಿರುಗಿ, “ಇಲ್ಲ ಅಂದ್ರು. ನಡೀರಿ, ನಾಳೆ ಮತ್ತೆ ಬರಾಣ” ಎಂದಳು.

ಚಿಕ್ಕವೆಂಕಟಪ್ಪನಿಗೆ ರೇಗಿತು. “ಇಲ್ಲ ಅಂತ ಎಲ್ಲಮ್ಮಾ ಅಂದ್ರು? ನಗ್ತಾ ನೋಡೋಣ ಅಂದ್ರಲ್ಲ! ಆಯ್ತು ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಮುನಿಗಂಗಮ್ಮನ ಕೈ ಸೊಂಟದ ಕುಡುಗೋಲಿನ ಕಡೆ ಹೋಯಿತು, ಅಲ್ಲೇ ನಿಂತಿತು. ಅವಳ ಕಣ್ಣು ತುಂಬಿದ್ದನ್ನು ಊರು ಅವತ್ತೇ ಮೊದಲು ನೋಡಿದ್ದು.

“ಒಂದು ಸಲ ಆಯ್ತು ಅಂತ ಹೇಳ್ದೆ ಕಣಣ್ಣ,” ಎಂದಳು. “ಪಟಾಲಮ್ಮ ನಂಬಿದ್ಲು.”