ಕ್ಷಮೆಯ ಸಭೆಗೆ ಕುರ್ಚಿ ಬರಲಿಲ್ಲ

ಮೂವತ್ತು ವರ್ಷ ಪಾಠ ಮಾಡಿದ ಕಾದಂಬರಿಯೊಂದನ್ನು ನಾನು ಸರಿಯಾಗಿ ಓದಿದ್ದು ನಿವೃತ್ತಳಾದ ಮೇಲೆ. ಅದೂ ರವಿಕೆ ಹೊಲಿಯುವ ಒಬ್ಬ ಹೆಂಗಸಿನ ದೆಸೆಯಿಂದ.

ಹುಣಸೂರಿನಲ್ಲಿ ನಮ್ಮ ಮನೆಯ ಮಹಡಿ ಖಾಲಿ ಬಿದ್ದಿತ್ತು. ಕಾಲೇಜು ಬಿಟ್ಟ ಮೇಲೆ ನನ್ನ ಬಾಯಿಗೂ ಕೆಲಸವಿರಲಿಲ್ಲ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡೋಣ ಎಂದು ನಾಲ್ಕು ಜನರಿಗೆ ಹೇಳಿದೆ. ಹನ್ನೆರಡು ಜನ ಬಂದರು. ಅರ್ಧ ಜನ ಸಾಹಿತ್ಯಕ್ಕೆ, ಇನ್ನರ್ಧ ನನ್ನ ತಂಗಿ ಮಾಡುವ ಉಪ್ಪಿಟ್ಟಿಗೆ. ಯಾರು ಯಾವ ಅರ್ಧ ಎಂದು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಅವರಲ್ಲಿ ಕೆ.ಆರ್. ನಗರದ ನಿವೃತ್ತ ಹೆಡ್ಮಾಸ್ತರರೊಬ್ಬರು. ಬಿಳಿ ಜುಬ್ಬದ ಜೇಬಿನಲ್ಲಿ ಕೆಂಪು ಪೆನ್ನು ಇನ್ನೂ ಇತ್ತು. ಮದುವೆಯ ಕರೆಯೋಲೆ ಬಂದರೂ ಮೊದಲು ಕಾಗುಣಿತ ತಿದ್ದಿ ಆಮೇಲೆ ದಿನಾಂಕ ನೋಡುವವರು. ಇನ್ನೊಬ್ಬರು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಬೆಳೆಗಾರರು. ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಅದು ಹದವಾಗುವವರೆಗೂ ಬೆಂಕಿ ಕಾಯುತ್ತ ಕೂರಬೇಕಲ್ಲ, ಆ ಬಿಡುವಿನಲ್ಲಿ ಓದು ಹತ್ತಿಸಿಕೊಂಡವರು. ಅವರ ಪುಸ್ತಕಗಳಿಗೆಲ್ಲ ಹೊಗೆಯ ವಾಸನೆ. ಮೂರನೆಯವರು ನಮ್ಮ ಬೀದಿಯ ತಿರುವಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡ ಹೆಂಗಸು. ಮಾತು ಕಡಿಮೆ. ಹಿಂದಿನ ಸಾಲಿನಲ್ಲಿ ಕೂತು ಕೈಕಸೂತಿ ಹಾಕುತ್ತ ಕೇಳುತ್ತಿದ್ದರು.

ಆ ತಿಂಗಳ ಪುಸ್ತಕವನ್ನು ಆರಿಸಿದವಳು ನಾನೇ. ಓದದವರೂ ಓದಿದ್ದೇವೆ ಎನ್ನುವಂಥ ಹಳೆಯ ದಪ್ಪ ಕಾದಂಬರಿ, ಹೆಸರು ಬೇಡ. ಕಥೆ ಇಷ್ಟು. ಊರಿನ ಸಾಹುಕಾರನೊಬ್ಬ ಒಬ್ಬ ಬಡವನ ಹೊಲ ಲಪಟಾಯಿಸಿ, ಸಂತೆಯಲ್ಲಿ ಎಲ್ಲರೆದುರು ಅವನಿಗೆ ಚಪ್ಪಲಿ ಏಟು ಹಾಕಿಸುತ್ತಾನೆ. ಬಡವನ ಮಗ ಊರು ಬಿಡುತ್ತಾನೆ. ವರ್ಷಗಳ ಮೇಲೆ ಬೇರೆ ಹೆಸರಿಟ್ಟುಕೊಂಡು, ಹಣವಂತನಾಗಿ ಬಂದು ಸಾಹುಕಾರನ ಒಬ್ಬಳೇ ಮಗಳನ್ನು ಮದುವೆಯಾಗುತ್ತಾನೆ. ಮೂರನೇ ತಿಂಗಳಿಗೆ ತಾನು ಯಾರೆಂದು ಹೇಳಿ ಅವಳನ್ನು ಬಿಟ್ಟು ಹೋಗುತ್ತಾನೆ. ಸಾಹುಕಾರನ ಮಾನ ಮಣ್ಣುಪಾಲು. ಕೊನೆಯ ಅಧ್ಯಾಯದಲ್ಲಿ ತಿರುಗಿ ಬರುತ್ತಾನೆ. ಮುದಿ ಸಾಹುಕಾರ ಕಾಲಿಗೆ ಬೀಳುತ್ತಾನೆ. ಇವನು ಎತ್ತಿ ಅಪ್ಪಿಕೊಳ್ಳುತ್ತಾನೆ. ಮಗಳು ಒಳಗಿನಿಂದ ಇಬ್ಬರಿಗೂ ಮಜ್ಜಿಗೆ ತಂದುಕೊಡುತ್ತಾಳೆ. ಶುಭಂ.

ಈ ಮಜ್ಜಿಗೆಯ ಬಗ್ಗೆ ನಾನು ಎಷ್ಟು ಸಲ ಪ್ರಶ್ನೆಪತ್ರಿಕೆ ತೆಗೆದಿದ್ದೇನೋ! ‘ಕ್ಷಮೆಯೇ ಹಗೆಗೆ ಮದ್ದು, ವಿವರಿಸಿ.’ ಉತ್ತರವನ್ನೂ ನಾನೇ ನೋಟ್ಸಿನಲ್ಲಿ ಬರೆಸಿದ್ದೆ.

ಸಭೆಯಲ್ಲಿ ಹೆಡ್ಮಾಸ್ತರರು ಮೊದಲು ಎದ್ದರು. “ನಾಯಕನು ಕೊನೆಗೆ ಹಗೆಯನ್ನು ಗೆಲ್ಲುತ್ತಾನೆ. ಇದೇ ಈ ಕೃತಿಯ ಹಿರಿಮೆ. ಕ್ಷಮೆ ವೀರರ ಭೂಷಣ” ಎಂದು ಕಣ್ಣು ಮುಚ್ಚಿಕೊಂಡು ಶುರು ಮಾಡಿದರು.

ಬೆಳೆಗಾರರಿಗೆ ತಡೆಯಲಾಗಲಿಲ್ಲ. “ಏನ್ ಭೂಷಣ ಕಣ್ರೀ ಮೇಷ್ಟ್ರೇ? ಅಪ್ಪಂಗೆ ಸಂತೇಲಿ ಚಪ್ಲಿ ಏಟು ಬಿದ್ದದೆ. ಇಪ್ಪತ್ತೊರ್ಸ ಕಾದವ್ನೆ. ಕೊನೇಗೆ ತಬ್ಕತಾನಂತೆ! ನಾನು ಆ ಅಧ್ಯಾಯ ಓದಿ ಪುಸ್ತಕಾನ ಬೆಂಕಿಗೆ ಆಕ್ಬುಡಾನ ಅಂತಿದ್ದೆ, ಸೊಪ್ಪು ಕೆಡ್ತದೆ ಅಂತ ಸುಮ್ಕಾದೆ.”

“ಹಾಗಾದರೆ ಕೊಲ್ಲಬೇಕಿತ್ತೇ?”

“ಕೊಲ್ಲೋದ್ಯಾಕೆ? ಬಾಗ್ಲಲ್ಲಿ ನಿಂತ್ಕಂಡು ನೋಡಿ ಒಂಟೋಗ್ಬೇಕಿತ್ತು.”

ಮಹಡಿ ಎರಡಾಯಿತು. ಕಿಟಕಿಯ ಕಡೆಯವರು ಕ್ಷಮೆ, ಮೆಟ್ಟಿಲ ಕಡೆಯವರು ಸೇಡು. ಹೆಡ್ಮಾಸ್ತರರು ನೂರಾರು ಮಕ್ಕಳಿಗೆ ಈ ಕೃತಿಯ ಸಾರ ತಿಳಿಸಿದವನು ನಾನು ಎಂದರು. ಬೆಳೆಗಾರರು ಶಾಂತವಾಗಿ, “ನೀವು ಸಾರ ಕುಡ್ದಿದ್ದೀರ ಮೇಷ್ಟ್ರೇ, ಪುಸ್ತಕ ಓದಿಲ್ಲ. ಗೈಡ್ ಓದಿದ್ದೀರ” ಅಂದರು.

ಆ ಗೈಡು ಬರೆದವಳು ನಾನು ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಹೆಡ್ಮಾಸ್ತರರ ಮುಖ ಕೆಂಪು ಶಾಯಿಯಾಯಿತು. ಗದ್ದಲದ ಮಧ್ಯೆ ಹಿಂದಿನ ಸಾಲಿನಿಂದ, “ತಬ್ಕತಾನಾ? ಯಾವಾಗ?” ಅಂತ ದನಿ ಬಂತು. ಟೈಲರಮ್ಮ. ಅವರ ಪುಸ್ತಕ ಹಳೆ ಪುಸ್ತಕದ ಗಾಡಿಯಲ್ಲಿ ಕೊಂಡದ್ದು. ಕೊನೆಯ ಅಧ್ಯಾಯ ಕಿತ್ತುಹೋಗಿತ್ತು. ಅವರ ಪ್ರಕಾರ ಕಥೆ ಅದರ ಹಿಂದಿನ ಅಧ್ಯಾಯಕ್ಕೇ ಮುಗಿದಿತ್ತು. ಅಲ್ಲಿ ಗದ್ದೆಯಲ್ಲಿ ಕಳೆ ಕೀಳುತ್ತಿರುವ, ಅವನು ಬಿಟ್ಟುಹೋದ ಹೆಂಡತಿ ದೂರದಲ್ಲಿ ಗಂಡ ಬರುವುದನ್ನು ನೋಡುತ್ತಾಳೆ, ಮತ್ತೆ ಬಗ್ಗಿ ಕಳೆ ಕೀಳುತ್ತಾಳೆ.

“ಎಷ್ಟು ಚೆನ್ನಾಗಿ ಮುಗ್ಸವ್ರೆ ಅಂದ್ಕಂಡಿದ್ದೆ” ಅಂದರು ಆಕೆ. ಎಲ್ಲರೂ ನಕ್ಕರು. ಎರಡು ಪಕ್ಷದವರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಮಾರನೇ ದಿನ ಕೊನೆಯ ಅಧ್ಯಾಯದ ಜೆರಾಕ್ಸ್ ಮಾಡಿಸಿ ಕೊಟ್ಟೆ. ರವಿಕೆ ತರಲು ಹೋದಾಗ ಅದನ್ನು ಮಡಚಿ ವಾಪಸು ಕೊಟ್ಟರು. “ಇದ್ಯಾಕ್ ಬರುದ್ರು ಮೇಡಂ? ಅವ್ರಿಬ್ರೂ ಅತ್ಕಂಡು ಒಂದಾದ್ರು, ಸರಿ. ಮೂರ್ ತಿಂಗ್ಳಿಗೆ ಬುಟ್ಟೋಗಿದ್ದು ಇವ್ಳುನ್ನ. ನೀನು ಕ್ಷಮಿಸ್ದ್ಯಾ ಅಂತ ಇವ್ಳುನ್ನ ಒಬ್ರೂ ಕೇಳ್ನಿಲ್ವಲ್ಲ? ಮಜ್ಜಿಗೆ ತಂದ್ಕೊಡು ಅಂದ್ರಂತೆ.”

ಆಗಿನ ಕಾಲ ಹಾಗಿತ್ತು ಎಂದೆ. “ಈಗಿನ್ ಕಾಲ್ದಲ್ಲಿ ನಿಮ್ ಮಹಡೀಲೂ ಒಬ್ರೂ ಕೇಳ್ನಿಲ್ಲ” ಎಂದು ಆಕೆ ನೂಲು ಕಡಿದರು.

ಮನೆಗೆ ಬಂದು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಿಚ್ಚಿದೆ. ಆ ಹೆಣ್ಣಿನ ಬಗ್ಗೆ ನಾನು ಕೇಳಿದ್ದ ಪ್ರಶ್ನೆ ಒಂದೇ ಒಂದು. ಯಾರು ಯಾರಿಗೆ ಯಾವಾಗ ಹೇಳಿದರು: ಮಜ್ಜಿಗೆ ತಂದಿದ್ದೇನೆ. ಎರಡು ಅಂಕ.

ಇತ್ತ ಕ್ಷಮಾಪಕ್ಷದವರು ಸುಮ್ಮನಿರಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಿಂದ ಹೆಡ್ಮಾಸ್ತರರು ಹೊರಹೋಗಿ ಬೇರೆ ಗುಂಪು ಕಟ್ಟಿದರು. ಕೆ.ಆರ್. ನಗರದ ಸಮುದಾಯ ಭವನವೊಂದರಲ್ಲಿ ಕ್ಷಮೆಯ ಕುರಿತು ಉಪನ್ಯಾಸ ಇಟ್ಟುಕೊಂಡರು. ರಾಜಿ ಮಾಡಿಸುವ ಹುರುಪಿನಲ್ಲಿ ನಾನು, ಬೆಳೆಗಾರರಿಗೂ ಹತ್ತು ನಿಮಿಷ ಮಾತಾಡಲು ಕೊಡಿ ಎಂದೆ. “ಆಗಬಹುದು, ಮೇಡಂ. ಅಧ್ಯಕ್ಷತೆ ನಿಮ್ಮದೇ” ಎಂದರು. ಬೆಳೆಗಾರರೂ ಕರಗಿ, ಅದೇ ಊರಿನಲ್ಲಿ ಶಾಮಿಯಾನದ ಅಂಗಡಿ ಇಟ್ಟಿರುವ ತಮ್ಮ ಬಾಮೈದನಿಂದ ಕುರ್ಚಿ ಹಾಕಿಸುವುದಾಗಿ ಒಪ್ಪಿಕೊಂಡರು.

ಆಹ್ವಾನ ಪತ್ರಿಕೆ ಬಂತು. ಬೆಳೆಗಾರರ ಹೆಸರು ಎಲ್ಲೂ ಇರಲಿಲ್ಲ. ಅಧ್ಯಕ್ಷತೆ ಹೆಡ್ಮಾಸ್ತರರ ಷಡ್ಡಕರದು. ನನ್ನ ಹೆಸರು ತೀರ ಕೆಳಗೆ, ಮುದ್ರಕರ ಹೆಸರಿನ ನೆರೆಯಲ್ಲಿ, ‘ಉಪಸ್ಥಿತಿ’ ಎಂಬ ತಲೆಬರಹದಡಿ ಇತ್ತು. ಉಪಸ್ಥಿತಿ ಎಂದರೆ ಇರುವುದು. ವೇದಿಕೆಯ ಮೇಲೆ ಹೂಕುಂಡ ಕೂಡ ಇರುತ್ತದೆ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಬೆಳೆಗಾರರ ಫೋನು ಬಂತು.

“ಮೇಡಂನೋರೆ, ನಾಳೀಕೆ ಕುರ್ಚಿ ಬರಾಕಿಲ್ಲ. ಗಾಡಿ ಕೆಟ್ಟೋಯ್ತು ಅಂತ ಏಳು ಅಂತ ಬಾಮೈದಂಗೆ ಏಳಿವ್ನಿ.”

“ಛೆ, ಹಾಗೆಲ್ಲ ಮಾಡಬೇಡಿ. ದೊಡ್ಡವರು ನೀವು.”

“ಬುಡಿ, ಆ ಪತ್ರಿಕೇಲಿ ನಾನು ಸಣ್ಣೋನೂ ಇಲ್ಲ, ದೊಡ್ಡೋನೂ ಇಲ್ಲ. ನಿಮ್ಗೆ ಮಂಡಿ ನೋವಲ್ವಾ, ಅದ್ಕೆ ಏಳ್ತಾ ಇವ್ನಿ. ಒಂದ್ ಮಡಚೋ ಕುರ್ಚಿ ತಕ್ಕಂಡೋಗಿ.”

ಹೆಡ್ಮಾಸ್ತರರಿಗೆ ತಿಳಿಸಲು ನನಗೆ ಇಡೀ ಮಧ್ಯಾಹ್ನ ಇತ್ತು. ಅವರ ನಂಬರು ಹುಡುಕಿದೆ. ಒತ್ತಬೇಕು ಎನ್ನುವಷ್ಟರಲ್ಲಿ ಮೇಜಿನ ಮೇಲಿದ್ದ ಆಹ್ವಾನ ಪತ್ರಿಕೆ ಕಣ್ಣಿಗೆ ಬಿತ್ತು. ಉಪಸ್ಥಿತಿ. ಫೋನು ಕೆಳಗಿಟ್ಟೆ. ಅಟ್ಟದ ಮೇಲಿದ್ದ ಮಡಚುವ ಕುರ್ಚಿ ಇಳಿಸಿ ಧೂಳು ಒರೆಸಿದೆ. ಒರೆಸುವಾಗ ಮನಸ್ಸಿಗೆ ತುಂಬ ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ.

ಮಾರನೇ ಬೆಳಿಗ್ಗೆ ಟೈಲರಮ್ಮ ಜೊತೆಗೆ ಬಂದರು. ಭವನದ ಒಳಗೆ ಬರೀ ನೆಲ. ಹೊಸ ಸೀರೆ ಉಟ್ಟು ಬಂದವರು ಗೋಡೆಗೆ ಒರಗಿ ನಿಂತಿದ್ದರು. ಹೆಡ್ಮಾಸ್ತರರು ಬಾಗಿಲಿಗೂ ರಸ್ತೆಗೂ ಓಡಾಡುತ್ತ ಫೋನಿನಲ್ಲಿ ಕೂಗುತ್ತಿದ್ದರು. ಕೊನೆಗೆ ಎದುರಿನ ಟೀ ಅಂಗಡಿಯಿಂದ ಒಂದು ಬೆಂಚು ಬಂತು. ನಾಲ್ಕು ಜನರ ಬೆಂಚಿನ ಮೇಲೆ ಆರು ಜನ ಗಣ್ಯರು. ಒಂದು ತುದಿಯವರು ಪ್ರಾರ್ಥನೆಗೆ ಎದ್ದರೆ ಇನ್ನೊಂದು ತುದಿ ಕುಸಿಯುತ್ತಿತ್ತು. ಅಧ್ಯಕ್ಷರು ಕೂತಷ್ಟು ಹೊತ್ತೂ ಮೈಕಿನ ಕಂಬ ಹಿಡಿದುಕೊಂಡೇ ಇದ್ದರು. ನಾನು ಪಕ್ಕದಲ್ಲಿ ನನ್ನ ಕುರ್ಚಿ ಬಿಡಿಸಿ ಕೂತೆ. ಉಪಸ್ಥಿತಿ ಅಷ್ಟು ಆರಾಮಾಗಿ ಯಾವ ಸಭೆಯಲ್ಲೂ ಇದ್ದಿರಲಾರದು.

ಹೆಡ್ಮಾಸ್ತರರು ಒಂದು ಗಂಟೆ ಕ್ಷಮೆಯ ಬಗ್ಗೆ ಮಾತಾಡಿದರು. ಮರ ಕಲ್ಲೆಸೆದವನಿಗೂ ಹಣ್ಣು ಕೊಡುತ್ತದೆ, ಭೂಮಿ ಅಗೆದವನಿಗೂ ಅನ್ನ ಕೊಡುತ್ತದೆ, ಎಲ್ಲ ಬಂತು. ಕೊನೆಗೆ ದನಿ ನಡುಗಿತು. “ಆದರೆ ಈ ದಿನ ಇಲ್ಲಿಗೆ ಕುರ್ಚಿ ಬಾರದಂತೆ ಮಾಡಿದವರು ಯಾರೆಂದು ನನಗೆ ಗೊತ್ತಿದೆ. ಅವರನ್ನು ನಾನು ಸುಮ್ಮನೆ ಬಿಡುವುದಿಲ್ಲ!”

ನಿಂತು ಕಾಲು ಸೋತಿದ್ದ ಜನ ಅದೇ ಮುಕ್ತಾಯವೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು.

ವಾಪಸು ಬರುವ ಬಸ್ಸಿನಲ್ಲಿ ಟೈಲರಮ್ಮ ಕಾಲು ನೀವಿಕೊಂಡರು. ಆಮೇಲೆ, “ಕುರ್ಚಿ ಇರಾಕಿಲ್ಲ ಅಂತ ನಿಮ್ಗೆ ಗೊತ್ತಿತ್ತು” ಅಂದರು.

ನಾನು ಮಡಚಿದ ಕುರ್ಚಿಯನ್ನು ಸೀಟಿನ ಕೆಳಗೆ ಸರಿಸಿದೆ.

“ನಂಗೊಂದ್ ಮಾತ್ ಏಳಿದ್ರೆ ಚಾಪೆನಾದ್ರೂ ತತ್ತಿದ್ದೆ. ಎರಡ್ ಗಂಟೆ ನಿಂತಿವ್ನಿ.”

ಅವರ ದೂರು ಅಷ್ಟೇ. ನನ್ನ ಸಣ್ಣತನದ ಬಗ್ಗೆ ಆಕೆಗೆ ಕುತೂಹಲವೇ ಇರಲಿಲ್ಲ, ಕಾಲು ನೋಯುತ್ತಿತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು. ನಾನು ನಿಲ್ಲಿಸಿದ್ದು ಹೆಡ್ಮಾಸ್ತರರನ್ನಲ್ಲ, ಅವರಿಗೆ ಬೆಂಚಾದರೂ ಸಿಕ್ಕಿತ್ತು. ನಿಲ್ಲಿಸಿದ್ದು ಈಕೆಯನ್ನು. “ತಪ್ಪಾಯ್ತು ಕಣ್ರೀ” ಎಂದೆ. “ಬುಡಿ” ಅಂದರು. ಅದು ಕ್ಷಮೆಯೋ ಬೇಸರವೋ ಗೊತ್ತಾಗಲಿಲ್ಲ. ಕೇಳಲಿಲ್ಲ.

ವಾರವಿಡೀ ಒಳಗೇ ಕೊರೆಯಿತು. ಕೊನೆಗೆ ಒಂದು ಬೆಳಿಗ್ಗೆ ಕೆ.ಆರ್. ನಗರಕ್ಕೆ ಹೋಗಿ ಹೆಡ್ಮಾಸ್ತರರ ಮುಂದೆ ಕೂತು, ನನಗೆ ಮೊದಲೇ ಗೊತ್ತಿತ್ತು, ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸಿ ಎಂದೆ. ಅವರ ಮುಖದಲ್ಲಿ ನಿಧಾನವಾಗಿ ಒಂದು ಕಳೆ ಏರತೊಡಗಿತು. ಅಷ್ಟು ಸಂತೋಷವನ್ನು ಅವರಲ್ಲಿ ನಾನು ಹಿಂದೆ ಕಂಡಿರಲಿಲ್ಲ.

“ಮೇಡಂ, ಕ್ಷಮಿಸಿದ್ದೇನೆ” ಎಂದರು. ಕಾಫಿ ಕೊಡಿಸಿದರು. ಗೇಟಿನವರೆಗೂ ಬಂದು ಇನ್ನೊಮ್ಮೆ ಕ್ಷಮಿಸಿದರು.

ಅಲ್ಲಿಂದ ಶುರುವಾಯಿತು. ನಾನು ಹುಣಸೂರು ಮುಟ್ಟುವ ಮೊದಲೇ ಅವರ ವಾಟ್ಸಾಪ್ ಗುಂಪಿನಲ್ಲಿ, ಒಬ್ಬ ವಿದ್ಯಾವಂತ ಮಹಿಳೆಯನ್ನು ತಾವು ಮನಸಾರೆ ಕ್ಷಮಿಸಿದ ಬಗ್ಗೆ ಉದ್ದನೆಯ ಬರಹ ಬಂದಿತ್ತು. ಕೊನೆಯಲ್ಲಿ ಎರಡು ಕೈಮುಗಿದ ಚಿತ್ರ. ಆಮೇಲೆ ಒಂದು ಪುಸ್ತಕ ಬಿಡುಗಡೆಯಲ್ಲಿ ಕ್ಷಮಿಸಿದರು. ಅವರ ಬೀದಿಯ ಹಾಲಿನ ಡೇರಿಯವರಿಗೂ ವಿಷಯ ಗೊತ್ತಿದೆ.

ಬೆಳೆಗಾರರು ಪಿರಿಯಾಪಟ್ಟಣದಲ್ಲಿ ತಮ್ಮದೇ ಓದುಗರ ಕೂಟ ಮಾಡಿಕೊಂಡಿದ್ದಾರೆ. ನಾನು ಕ್ಷಮೆ ಕೇಳಿದ್ದನ್ನು ತಿಳಿದು, “ಅಯ್ಯೋ, ಆ ಮನ್ಸನ ಕೈಗೆ ಕೊಡ್ಲಿ ಕೊಟ್ಬುಟ್ರಲ್ಲ ಮೇಡಂನೋರೆ” ಎಂದು ಮರುಗಿದರು. ಅವರು ಯಾರ ಕ್ಷಮೆಯನ್ನೂ ಕೇಳಲಿಲ್ಲ, ಆರಾಮಾಗಿದ್ದಾರೆ. ನನ್ನ ಮಹಡಿಗೆ ಈಗ ಐದು ಜನ ಬರುತ್ತಾರೆ. ಟೈಲರಮ್ಮ ಮುಂದಿನ ಸಾಲಿಗೆ ಬಂದಿದ್ದಾರೆ. ಯಾವ ಪುಸ್ತಕವಾದರೂ ಮೊದಲು ಅವರನ್ನು ಕೇಳುವುದು ರೂಢಿಯಾಗಿದೆ.

ಕಳೆದ ತಿಂಗಳು ಎಚ್.ಡಿ. ಕೋಟೆಯಲ್ಲಿ ಒಂದು ಮದುವೆ. ಹೆಣ್ಣಿನ ಕಡೆಯವರು ನನ್ನ ಹಳೆಯ ವಿದ್ಯಾರ್ಥಿಗಳು, ಗಂಡಿನ ಕಡೆಯವರು ಹೆಡ್ಮಾಸ್ತರರಿಗೆ ಬೇಕಾದವರು. ಊಟದ ಪಂಕ್ತಿಯಲ್ಲಿ ಅವರು ನನ್ನ ಎದುರಿಗೇ ಕೂತರು. ಪಕ್ಕದಲ್ಲಿದ್ದ ಬೀಗರ ಕಡೆ ತಿರುಗಿ, ನನ್ನನ್ನು ತೋರಿಸಿ, ಎಲ್ಲರಿಗೂ ಕೇಳುವಂತೆ, “ಈ ಮೇಡಂ ನನಗೆ ಒಂದು ದೊಡ್ಡ ಅಪಚಾರ ಮಾಡಿದ್ದರು. ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ” ಎಂದು ಮೊದಲಿನಿಂದ ಹೇಳತೊಡಗಿದರು.

“ದೊಡ್ಡ ಮನ್ಸು ಕಣ್ರೀ ಮೇಷ್ಟ್ರುದು” ಎಂದರು ಬೀಗರು, ನನ್ನನ್ನು ಕನಿಕರದಿಂದ ನೋಡುತ್ತ.

ಬಾಯಲ್ಲಿ ಲಾಡು ಇತ್ತು. ಹೌದೆಂದು ತಲೆಯಾಡಿಸಿದೆ.